ಚಲುವಮ್ಮನ ಫೋನ್ ಎತ್ತಿದವರು

"ಇದೇನಮ್ಮ ಹಿಂಗ್ ಕೇಳ್ತೀರಿ? ಅವತ್ತು ಫೋನ್‌ನಾಗೆ ಮಾತಾಡಿದ್ದು ನೀವೇ ಅಲ್ವಾ? ಮಾತಾಡಿದೋರೇ ಗೊತ್ತಿಲ್ಲ ಅಂದ್ರೆ ನಾನ್ ಇನ್ಯಾರನ್ನ ಕೇಳನ?"

ಬೋರಯ್ಯ ಹಾಲಿನ ಕ್ಯಾನನ್ನು ಹೋಟೆಲಿನ ಬೆಂಚಿನ ಪಕ್ಕ ಇಳಿಸಿ ಚಲುವಮ್ಮನ ಮುಖವನ್ನೇ ನೋಡುತ್ತ ನಿಂತ. ಆತ ಕೂಗಾಡಿದ್ದರೆ ನನಗೆ ಕೆಲಸ ಸಲೀಸಾಗುತ್ತಿತ್ತು. ಖಾಕಿಯಲ್ಲೇ ಕೂದಲು ನರೆಸಿಕೊಂಡು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು ನಾನು. ಸುಳ್ಳು ಹೇಳುವವನು ದನಿ ಏರಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಈ ಮನುಷ್ಯ ಏರಿಸಲಿಲ್ಲ. ಅವನಿಗೆ ನಿಜವಾಗಿಯೂ ಏನೂ ಅರ್ಥವಾಗಿರಲಿಲ್ಲ.

ಅರಸೀಕೆರೆಯ ನಿವೃತ್ತ ಮೇಷ್ಟ್ರು ಮರಿಯಣ್ಣ ಮರೆವಿನ ಕಾಯಿಲೆಯಲ್ಲಿ ಮನೆಯಿಂದ ಹೊರಟುಹೋಗಿ ಎರಡು ವಾರ ದಾಟಿತ್ತು. ಅವರನ್ನು ಕೊನೆಯದಾಗಿ ಕಂಡವನು ಹಗರೆಯ ಈ ಬೋರಯ್ಯ ಎಂಬ ಸುಳಿವು ಹಿಡಿದು ನಾವು ನಾಲ್ವರು ಬಂದಿದ್ದೆವು: ಪತ್ತೇದಾರಿಕೆಯ ಕಚೇರಿ ನಡೆಸುವ ಪ್ರತಿಮಾ ಮೇಡಂ, ಅವರ ಜೊತೆ ಕೆಲಸಕ್ಕಿರುವ ಕರಿಬಸವಯ್ಯ ಎಂಬ ನಾನು, ಮೇಷ್ಟ್ರ ಹೆಂಡತಿ ಚಲುವಮ್ಮ, ಮತ್ತು ಕಾರು ಓಡಿಸಿಕೊಂಡು ಬಂದ ಮಗ ಸಮ್ಯಕ್.

ಚಲುವಮ್ಮ ಮೆಲ್ಲಗೆ ತಲೆ ಅಲ್ಲಾಡಿಸಿದರು. ತಮಗೆ ಯಾರೂ ಫೋನ್ ಮಾಡಿಲ್ಲ ಎಂದರು. ಫೋನು ತಮ್ಮ ಕೈ ಬಿಟ್ಟು ಆಚೀಚೆ ಹೋಗಿಲ್ಲ, ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಲ್ಲಿ ಸ್ಟೂಲಿನ ಮೇಲಿಟ್ಟು ಕಿವಿ ಅಲ್ಲೇ ಇಟ್ಟಿರುತ್ತೇನೆ ಎಂದರು.

ಬೋರಯ್ಯ ವಾದಕ್ಕೆ ಹೋಗಲಿಲ್ಲ. ತನ್ನ ಗುಂಡಿ ಒತ್ತುವ ಹಳೇ ಫೋನನ್ನು ಜೇಬಿನಿಂದ ತೆಗೆದು, ಹಿಂದಿನ ಕರೆಗಳನ್ನು ಹುಡುಕಿ, ಪ್ರತಿಮಾ ಮೇಡಂ ಕೈಗೆ ಕೊಟ್ಟ. ನಾನೂ ಬಗ್ಗಿ ನೋಡಿದೆ. ಹತ್ತೂ ಅಂಕಿ ಚಲುವಮ್ಮನ ನಂಬರಿನವೇ. ಕರೆ ಹೋಗಿದೆ, ಆ ಕಡೆಯಿಂದ ಎತ್ತಿದ್ದಾರೆ, ಎರಡು ನಿಮಿಷದ ಮೇಲೆ ಮಾತೂ ನಡೆದಿದೆ.

ನನ್ನ ತಲೆಗೆ ಕೆಟ್ಟ ಯೋಚನೆ ಬಂತು. ಗಂಡ ಕಳೆದುಹೋದ ಅಂತ ಅಳುವ ಹೆಂಡತಿಯೇ ಗಂಡನ ಕರೆ ಎತ್ತಿ ಸುಮ್ಮನಿದ್ದರೆ? ಪೊಲೀಸ್ ಬುದ್ಧಿ ನಿವೃತ್ತಿಯಾಗುವುದಿಲ್ಲ. ಪ್ರತಿಮಾ ಮೇಡಂ ನನ್ನ ಕಣ್ಣು ನೋಡಿಯೇ ಅದನ್ನು ತಿಳಿದರು ಅಂತ ಕಾಣುತ್ತದೆ. ಸುಮ್ಮನಿರಿ ಎನ್ನುವಂತೆ ಹುಬ್ಬು ಗಂಟಿಕ್ಕಿ, ಬೋರಯ್ಯನಿಗೆ ಮೊದಲಿನಿಂದ ಹೇಳಲು ಹೇಳಿದರು.

ಅವತ್ತು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ, ಬಿಳಿ ಶರ್ಟಿನ ಹಿರಿಯರೊಬ್ಬರು ಬಸ್ ಸ್ಟಾಪಿನ ಕಟ್ಟೆ ಮೇಲೆ ಕೂತಿದ್ದರಂತೆ. ಹೆಸರು ಕೇಳಿದರೆ ನಕ್ಕರು. ಊರು ಕೇಳಿದರೆ ಆಕಾಶ ನೋಡಿದರು. ಮನೆಯವರಿಗೆ ಫೋನ್ ಮಾಡೋಣವೇ ಎಂದಾಗ ಮಾತ್ರ ಕೈ ಚಾಚಿದರು.

"ಫೋನ್ ಕೊಟ್ಟೆ. ಗುಂಡಿ ಕಡೀಕ್ ಕಣ್ಣೇ ಹಾಕ್ಲಿಲ್ಲ ಕಣ್ರೀ ಆವಪ್ಪ. ಕಣ್ಣು ರಸ್ತೆ ಮ್ಯಾಲೈತೆ, ಬೆಳ್ಳು ತಾನೇ ಒತ್ಕಂಡ್ ಒತ್ಕಂಡ್ ಹೋಯ್ತೈತೆ. ತನ್ ಹೆಸ್ರೇ ಗೊತ್ತಿಲ್ದೋರ್ಗೆ ಈ ನಂಬರ್ ಎಲ್ಲಿಂದ ಬಂತು ಅಂತ ನಂಗೆ ಮೈ ಜುಮ್ ಅಂದೋಯ್ತು."

ಕೇಳುತ್ತಿದ್ದ ನನಗೂ ಹಾಗೇ ಆಯಿತು. ಮಗನ ಹೆಸರು ಹೋಗಿದೆ, ಊರು ಹೋಗಿದೆ, ತಾನು ಯಾರು ಎಂಬುದೂ ಹೋಗಿದೆ. ಅಷ್ಟೆಲ್ಲ ಬರಿದಾದ ಮನುಷ್ಯನ ಬೆರಳಲ್ಲಿ ಹೆಂಡತಿಯ ನಂಬರು ಉಳಿದಿದೆ. ಮನುಷ್ಯನೊಳಗೆ ಯಾವುದು ಎಲ್ಲಿ ಅಡಗಿರುತ್ತದೋ ಯಾವ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ.

ಚಲುವಮ್ಮ ಅದಕ್ಕೆ ಕಾರಣ ಹೇಳಿದರು. ಅವರಿಗೆ ಮೊದಲ ಫೋನು ತಂದಾಗ ಮೇಷ್ಟ್ರು ಸಂಜೆ ಸಂಜೆ ಕೂರಿಸಿ ಮಗ್ಗಿಯ ಹಾಗೆ ನಂಬರನ್ನು ಬಾಯಿಪಾಠ ಮಾಡಿಸಿದ್ದರಂತೆ. ಕಲಿಯಬೇಕಾದವಳಿಗೆ ಬರಲಿಲ್ಲ, ಕಲಿಸಿದವರಿಗೆ ಉಳಿಯಿತು ಎಂದು ಹೇಳುವಾಗ ಅವರ ಮುಖದಲ್ಲಿ ನಗು ಬಂದು ಅಲ್ಲೇ ನಿಂತುಹೋಯಿತು.

ಗುರುತಿಲ್ಲದವರಿಗೆ ಫೋನ್ ಕೊಟ್ಟಾಗ ನಮ್ಮ ಕಡೆಯವರು ಸ್ಪೀಕರ್ ಹಾಕಿಯೇ ಕೊಡುವುದು. ಬೋರಯ್ಯನೂ ಹಾಗೇ ಮಾಡಿದ್ದ. ಹಾಗಾಗಿ ಮಾತು ಅವನ ಕಿವಿಗೂ ಬಿದ್ದಿತ್ತು. ಮೇಷ್ಟ್ರು ಚಲುವಾ ಎಂದು ಕರೆದರು. ಆ ಕಡೆ ಹೆಂಗಸು ಹೂಂ ನಾನೇ ಎಂದಳು. ಎಲ್ಲಿದ್ದೀರಿ ಎಂದು ಕೇಳಿದಳು, ಬೋರಯ್ಯನ ಬಾಯಲ್ಲಿ ಜಾಗದ ಗುರುತು ಹೇಳಿಸಿಕೊಂಡಳು, ಅಲ್ಲೇ ಕೂತಿರಿ ಬರುತ್ತೇನೆ ಎಂದಳು. ಬೋರಯ್ಯ ಮನೆಗೆ ಹೋಗಿ ಬರುವಷ್ಟರಲ್ಲಿ ಕಟ್ಟೆ ಖಾಲಿ. ಒಂದು ಆಟೋ ಬಂದಿತ್ತು, ಒಳಗೊಬ್ಬ ಹೆಂಗಸು ಇದ್ದಳು ಎಂದು ಪಕ್ಕದ ಅಂಗಡಿಯವರು ಹೇಳಿದರಂತೆ.

ಹೆಂಡತಿ ಬಂದು ಕರೆದುಕೊಂಡು ಹೋದಳು ಎಂದು ಬೋರಯ್ಯ ನೆಮ್ಮದಿಯಾಗಿದ್ದ. ಆ ಹೆಂಡತಿಯೇ ಈಗ ಗಂಡ ಎಲ್ಲಿ ಎಂದು ಕೇಳಿಕೊಂಡು ಬಂದರೆ ಅವನಾದರೂ ಏನು ಮಾಡಿಯಾನು?

ಪ್ರತಿಮಾ ಮೇಡಂ ಚಲುವಮ್ಮನ ಫೋನನ್ನು ಟೇಬಲ್ಲಿನ ಮೇಲೆ ಇಡಿಸಿಕೊಂಡರು. ಸಮ್ಯಕ್ ತಕ್ಷಣ ಮುಂದೆ ಬಂದ. ಆತ ಬ್ಯಾಂಕಿನಲ್ಲಿ ಅಧಿಕಾರಿ, ಮಾತು ಬೆಂಗಳೂರಿನ ಧಾಟಿ. ಫೋನ್ ಸರಿಯಾಗೇ ಇದೆ, ಈ ಕಡೆ ಟವರ್ ಪ್ರಾಬ್ಲಂ ಇರಬೇಕು ಎಂದ. ತೋರಿಸಲೆಂದು ತನ್ನ ಫೋನಿನಿಂದ ಕರೆ ಮಾಡಿದ. ಚಲುವಮ್ಮನ ಫೋನು ಗಟ್ಟಿಯಾಗಿ ಕೂಗಿತು. ಪ್ರತಿಮಾ ಮೇಡಂ ತಮ್ಮದರಿಂದ ಮಾಡಿದರು. ಆಗಲೂ ಕೂಗಿತು.

ಫೋನು ಕೆಟ್ಟರೆ ನಾನು ಬಲ್ಲ ಮದ್ದು ಒಂದೇ. ಬ್ಯಾಟರಿ ಬಿಚ್ಚಿ, ಉಫ್ ಎಂದು ಊದಿ, ಮತ್ತೆ ಹಾಕುವುದು. ಈ ಫೋನಿಗೆ ಬಿಚ್ಚಲು ಬೆನ್ನೇ ಇಲ್ಲ. ಮೇಡಂ ಆಫ್ ಮಾಡಿ ಆನ್ ಮಾಡಿದರು. ಫ್ಲೈಟ್ ಮೋಡ್ ಹಾಕಿ ತೆಗೆದರು. ಸಿಮ್ ಹೊರಗೆಳೆದು ಸೀರೆಯ ಸೆರಗಿನಲ್ಲಿ ಒರೆಸಿ ಕೂರಿಸಿದರು. ಟವರಿನ ಕಡ್ಡಿಗಳು ತುಂಬಿಕೊಂಡೇ ಇದ್ದವು. ರೋಗಿಯ ನಾಡಿ ಎಲ್ಲ ಸರಿಯಾಗಿದೆ, ರೋಗ ಮಾತ್ರ ಇದೆ ಎನ್ನುವ ಸ್ಥಿತಿ.

ನಾನೂ ಒಂದು ಕೈ ನೋಡೋಣ ಎಂದು ನನ್ನ ಫೋನ್ ತೆಗೆದು ಚಲುವಮ್ಮನ ನಂಬರು ಒತ್ತತೊಡಗಿದೆ. ಮೇಡಂ ಅಂಗೈಯನ್ನು ನನ್ನ ಫೋನಿನ ಮೇಲೆ ಅಡ್ಡ ಇಟ್ಟುಬಿಟ್ಟರು.

"ಬೇಡ ಬಸವಯ್ಯನೋರೇ. ನಮ್ಮಿಬ್ಬರ ನಂಬರ್ ಈ ಫೋನಲ್ಲಿ ಸೇವ್ ಆಗಿದೆ, ನಿಮ್ಮದು ಇಲ್ಲ. ನೀವು ಮಾಡಿದ್ರೆ ಬೋರಯ್ಯನವರಿಗೆ ಆದ ಹಾಗೇ ಆಗುತ್ತೆ, ಬೇರೆ ಯಾರೋ ಎತ್ತುತ್ತಾರೆ. ಎತ್ತೋರು ಯಾರು ಅಂತ ನಮಗೆ ಗೊತ್ತಾಗೋ ತನಕ, ನಾವು ಹುಡುಕ್ತಿದೀವಿ ಅಂತ ಅವರಿಗೆ ಗೊತ್ತಾಗಬಾರದು. ಒಂದು ಮೆಸೇಜ್ ಕಳಿಸಿ, ಸಾಕು."

ಕರೆಯನ್ನು ನಡುದಾರಿಯಲ್ಲಿ ಬೇರೆ ಕಡೆಗೆ ತಿರುಗಿಸಬಹುದಂತೆ. ಮೆಸೇಜು ಹಾಗಲ್ಲ, ಅದು ನೇರವಾಗಿ ಆ ಸಿಮ್ಮಿಗೇ ಬಂದು ಸೇರಬೇಕಂತೆ. ನಾನು ಒಂದೇ ಒಂದು ಅಕ್ಷರ ಒತ್ತಿ ಕಳಿಸಿದೆ. ತಲುಪಿತು ಎಂದು ನನ್ನ ಫೋನು ಟಿಣ್ ಎಂದಿತು. ಟೇಬಲ್ಲಿನ ಮೇಲಿದ್ದ ಫೋನು ಮಿಸುಕಲಿಲ್ಲ. ಅದರ ಗಾಜಿನ ಮೇಲೆ ಒಂದು ನೊಣ ಆರಾಮವಾಗಿ ಓಡಾಡಿಕೊಂಡಿತ್ತು.

ಮೇಡಂ ಕಣ್ಣು ಕಿರಿದು ಮಾಡಿದರು. ಮೆಸೇಜು ಬಂದಿದೆ, ಆದರೆ ಒಳಗೆ ಯಾರೋ ಕದ ಹಾಕಿದ್ದಾರೆ ಎಂದರು. ಆಮೇಲೆ ಆ ಫೋನಿನ ಸೆಟ್ಟಿಂಗ್ ಎಂಬ ಪಾತಾಳಕ್ಕೆ ಇಳಿದರು. ಒಂದರ ಹಿಂದೆ ಒಂದು ಪರದೆ ಸರಿಯಿತು. ಕೊನೆಗೆ ಒಂದು ಮೂಲೆಯಲ್ಲಿ ತಡೆಹಿಡಿದ ಮೆಸೇಜುಗಳ ಪೆಟ್ಟಿಗೆ ಸಿಕ್ಕಿತು. ಎಲ್ಲಕ್ಕಿಂತ ಮೇಲೆ ನಾನು ಈಗ ತಾನೇ ಕಳಿಸಿದ ಅಕ್ಷರ ಕೂತಿತ್ತು.

ಅದರ ಕೆಳಗೆ ಇನ್ನೂ ಇದ್ದವು. ಬೆರಳು ಎಳೆದಷ್ಟೂ ಬರುತ್ತಿದ್ದವು.

ಲಾಟರಿ, ಸಾಲ, ಮಾಟಮಂತ್ರದವರ ಕಸವನ್ನು ಮೇಡಂ ಪಕ್ಕಕ್ಕೆ ತಳ್ಳಿದರು. ಉಳಿದವನ್ನು ಹಳೆಯದರಿಂದ ಶುರು ಮಾಡಿ ಓದತೊಡಗಿದರು. ಮೊದಲನೆಯದು ಹಾರನಹಳ್ಳಿಯಿಂದ, ಮುದ್ದಮ್ಮ ಎಂಬುವರದು. ನಿಮ್ಮ ಯಜಮಾನರು ನಮ್ಮ ದೇವಸ್ಥಾನದ ಜಗಲಿ ಮೇಲೆ ಮಲಗಿದ್ದಾರೆ, ಮುದ್ದೆ ಸಾರು ಕೊಟ್ಟಿದ್ದೇವೆ, ಫೋನ್ ಮಾಡಿದರೆ ಕಟ್ ಆಗುತ್ತಿದೆ, ಬೇಗ ಬನ್ನಿ ಎಂದಿತ್ತು. ಇನ್ನೊಂದು ಯಾರೋ ಕಂಡಕ್ಟರನದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ. ಅಜ್ಜ ನಮ್ಮ ಬಸ್ಸಿನಲ್ಲಿದ್ದಾರೆ, ಎಲ್ಲಿ ಇಳಿಯಬೇಕು ಗೊತ್ತಿಲ್ಲ, ಜಾವಗಲ್ಲಿನಲ್ಲಿ ಕಾಫಿ ಕುಡಿಸಿದೆ ಎಂದು. ಮತ್ತೊಂದರಲ್ಲಿ ಹೆಸರೂ ಇಲ್ಲ, ಊರೂ ಇಲ್ಲ. "ಇದ್ದಾರೆ. ಚೆನ್ನಾಗಿದ್ದಾರೆ. ಅಳಬೇಡಿ" ಎಂದಷ್ಟೇ ಇತ್ತು.

ಕೊನೆಯದು ಹಳೇಬೀಡಿನಿಂದ ಉಮೇಶ್ ಎಂಬ ಶಿಕ್ಷಕರದು. ಅದನ್ನು ಮೇಡಂ ಎರಡು ಸಲ ಓದಿದರು.

"ಅಮ್ಮ, ಪ್ರವಾಸಕ್ಕೆ ಕರೆತಂದ ನಮ್ಮ ಮಕ್ಕಳಿಗೆ ಹಿರಿಯರೊಬ್ಬರು ದೇವಾಲಯದ ಗೋಡೆಯ ಆನೆ, ಕುದುರೆ, ಹಂಸದ ಸಾಲುಗಳನ್ನೆಲ್ಲ ತೋರಿಸಿ ಪಾಠ ಹೇಳಿದರು. ಒಂದೂ ತಪ್ಪಿಲ್ಲ. ಮಕ್ಕಳು ಕದಲದೆ ಕೇಳಿದರು. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನಾನು ಯಾರು ಅಂತ ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಬಸ್ಸಿನಲ್ಲಿ ಅಂಟಿಸಿದ ನಿಮ್ಮ ಪೋಸ್ಟರ್ ನೋಡಿ ಗುರುತು ಹಿಡಿದೆ. ದಯವಿಟ್ಟು ಫೋನ್ ಎತ್ತಿ."

ಹೋಟೆಲಿನವನು ಕೂಡ ಚಹಾ ಸೋಸುವುದನ್ನು ನಿಲ್ಲಿಸಿದ್ದ.

ನಮ್ಮ ಜನರ ಬಗ್ಗೆ ನಾನು ಅಂಥ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವನಲ್ಲ. ಠಾಣೆಯಲ್ಲಿ ಕೂತವನಿಗೆ ಜನರ ಕೆಟ್ಟ ಮುಖವೇ ಹೆಚ್ಚು ಕಾಣುವುದು. ಆದರೆ ಈ ಅಂಗೈಯಗಲದ ಗಾಜಿನೊಳಗೆ ನಾನು ಕಂಡದ್ದು ಬೇರೆ. ಒಬ್ಬ ಹೆಸರಿಲ್ಲದ ಮುದುಕರನ್ನು ಊರಿನಿಂದ ಊರಿಗೆ ಜನ ಕೈ ಹಿಡಿದು ದಾಟಿಸುತ್ತ ಬಂದಿದ್ದರು. ಊಟ ಹಾಕಿದ್ದರು, ಹೊದಿಸಿದ್ದರು, ಅವರ ಹೆಂಡತಿಗೆ ಹೇಳಿ ಕಳಿಸಿದ್ದರು. ಹೇಳಿದ್ದೆಲ್ಲ ಬಂದು ಈ ಕತ್ತಲೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ ನಾನು.

ಚಲುವಮ್ಮ ಅಳಲಿಲ್ಲ. ಹಳೇಬೀಡಿನದನ್ನು ಇನ್ನೊಮ್ಮೆ ಓದಿ ಎಂದರು. ಒಂದೂ ತಪ್ಪಿಲ್ಲ ಎಂಬಲ್ಲಿಗೆ ಬಂದಾಗ ಗೋಣು ಹಾಕಿದರು.

ಪ್ರತಿಮಾ ಮೇಡಂ ಫೋನ್ ಕೆಳಗಿಟ್ಟು ಸಮ್ಯಕ್ ಕಡೆ ತಿರುಗಿದರು. ಆತ ಚಹಾ ಲೋಟ ಹಿಡಿದು ರಸ್ತೆ ನೋಡುತ್ತಿದ್ದ.

"ಈ ಕದ ಹಾಕಿದ್ದು ನೀವು, ಅಲ್ವಾ ಸಮ್ಯಕ್?"

ಮೇಡಂ ದನಿ ಏರಿಸಲಿಲ್ಲ, ಬಿಡಲೂ ಇಲ್ಲ. ಇದು ತಾನಾಗಿ ಕೆಟ್ಟುಹೋದದ್ದಲ್ಲ, ಸೇವ್ ಮಾಡಿದ ನಂಬರು ಬಿಟ್ಟು ಬೇರೆ ಯಾವ ಕರೆಯೂ ಮೆಸೇಜೂ ಬರಬಾರದು ಎಂದು ಒಬ್ಬರು ಕೂತು ಒತ್ತಿದ್ದು ಎಂದರು. ಕಾರಿನಲ್ಲಿ ಬರುವಾಗಲೂ ನೀವು ಮೂರು ಸಲ ಟವರ್ ಪ್ರಾಬ್ಲಂ ಅಂದಿರಿ, ಯಾರೂ ಕೇಳದಿದ್ದಾಗಲೂ ಅಂದಿರಿ ಎಂದರು.

ಸಮ್ಯಕ್ ಲೋಟವನ್ನು ಬೆಂಚಿನ ಮೇಲಿಟ್ಟ. ಆಮೇಲೆ ಮಾತು ಬಂತು. ಪೋಸ್ಟರಿನಲ್ಲಿ ಅಮ್ಮನ ನಂಬರೇ ಇರಲಿ ಎಂದು ಅಮ್ಮನೇ ಹಟ ಹಿಡಿದಿದ್ದರು. ಅಂಟಿಸಿದ ದಿನದಿಂದ ಫೋನಿಗೆ ಬಿಡುವಿಲ್ಲ. ಶಾಸ್ತ್ರ ಹೇಳುವವರು, ಕುಡಿದವರು, ದುಡ್ಡು ಹಾಕಿದರೆ ತೋರಿಸುತ್ತೇವೆ ಎನ್ನುವವರು. ಒಬ್ಬನಂತೂ ಹಳೇಬೀಡಿನ ಕೆರೆಯಲ್ಲಿ ನಿಮ್ಮವರ ಹೆಣ ತೇಲುತ್ತಿದೆ ಎಂದು ಹೇಳಿ ನಕ್ಕು ಇಟ್ಟಿದ್ದ. ಚಲುವಮ್ಮ ಸಿಕ್ಕ ಬಸ್ಸು ಹತ್ತಿ ಹೋಗಿ ಕೆರೆ ಏರಿಯ ಮೇಲೆ ಸಂಜೆಯ ತನಕ ನೀರು ನೋಡುತ್ತ ನಿಂತಿದ್ದರು. ಅಲ್ಲೇ ಕುಸಿದು ಬಿದ್ದರು.

"ನಾನೇ ಎತ್ಕೊಂಡ್ ಬಂದೆ ಮೇಡಂ. ಇನ್ನೊಂದು ಅಂಥ ಕಾಲ್ ಬಂದಿದ್ರೆ ಅಮ್ಮ ಉಳೀತಿರ್ಲಿಲ್ಲ. ಅಪ್ಪ ಹೋದ್ರು, ಅಮ್ಮನೂ ಹೋಗ್ಬೇಕಾ? ಗೊತ್ತಿರೋರ ಕಾಲ್ ಮಾತ್ರ ಬರ್ಲಿ ಅಂತ ಮಾಡ್ದೆ. ತಪ್ಪಾ ಅದು?"

"ನಿಮ್ಮ ತಂದೆ ಹತ್ರ ಫೋನ್ ಇದೆಯಾ ಸಮ್ಯಕ್?"

"ಇಲ್ಲ."

"ಹಾಗಾದ್ರೆ ಅವರು ಯಾರ ಫೋನಿಂದ ಮಾಡ್ತಾರೆ?"

ದಾರಿ ತಪ್ಪಿದ ಮನುಷ್ಯ ಮನೆಗೆ ಫೋನ್ ಮಾಡುವುದೇ ಗೊತ್ತಿಲ್ಲದವರ ಫೋನಿನಿಂದ. ಅಷ್ಟು ಓದಿದ ಹುಡುಗನಿಗೆ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಅನ್ನಿ. ತಾಯಿಯನ್ನು ಕಾಪಾಡಲು ಹಾಕಿದ ಚಿಲಕ ಸರಿಯಾಗಿ ತಂದೆಯ ಮುಖಕ್ಕೇ ಹಾಕಿದಂತಾಗಿತ್ತು.

ಚಲುವಮ್ಮ ಮಗನ ಬೆನ್ನ ಮೇಲೆ ಕೈ ಇಟ್ಟರು. ಬೈಯಲಿಲ್ಲ. "ನನ್ನ ಮೇಲಿನ ಆಸೆಗೇ ಮಾಡ್ದೆ ಕಣೋ, ಗೊತ್ತು. ಆದ್ರೆ ಅವರು ಕೂಗ್ತಾ ಇದ್ರು. ನಾನು ಓ ಅನ್ಲಿಲ್ಲ."

ಸಮ್ಯಕ್ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನನ್ನು ಅನುಮಾನದ ಪಟ್ಟಿಯಿಂದ ನಾನು ಅಲ್ಲೇ ತೆಗೆದುಹಾಕಿದೆ. ಅಂಥ ಅಳು ನಟನೆಗೆ ಬರುವುದಿಲ್ಲ.

ನನ್ನ ಮಟ್ಟಿಗೆ ಒಗಟು ಮುಗಿದಿತ್ತು. ಮೇಡಂಗೆ ಅದು ಆಗ ತಾನೇ ಶುರುವಾಗಿತ್ತು.

"ಒಂದು ವಿಷಯ ನೋಡಿ. ಸಮ್ಯಕ್ ಮಾಡಿದ್ದು ಅಷ್ಟೇ ಆಗಿದ್ರೆ ಬೋರಯ್ಯನವರ ಕಾಲ್ ಕಟ್ ಆಗಬೇಕಿತ್ತು. ಕಟ್ ಆಗಲಿಲ್ಲ, ಒಬ್ಬಳು ಎತ್ತಿದಳು. ಇನ್ನೊಂದು. ಹಾರನಹಳ್ಳಿಯಿಂದ ಹಳೇಬೀಡಿನವರೆಗೆ ಜನ ಮೆಸೇಜ್ ಹಾಕ್ತಾನೇ ಬಂದಿದಾರೆ. ಹಳೇಬೀಡಾದ ಮೇಲೆ ಒಂದೂ ಇಲ್ಲ. ಬೇಲೂರಿನ ಜನ, ಹಗರೆ ಜನ ಕೆಟ್ಟವರಾ?"

ಬೋರಯ್ಯ ಕ್ಯಾನಿನ ಮೇಲೆ ಕೈಯಿಟ್ಟು ನೆಟ್ಟಗಾದ. ಮೇಡಂ ಅವನ ಕಡೆ ನೋಡಿ ನಕ್ಕರು. ಅಲ್ಲ, ಫೋನ್ ಎತ್ತದಿದ್ದಾಗ ಜನ ಮೆಸೇಜ್ ಹಾಕುತ್ತಿದ್ದರು. ಎತ್ತಿ ಮಾತಾಡಿದವರಿಗೆ ಮೆಸೇಜ್ ಯಾಕೆ ಹಾಕುತ್ತಾರೆ? ಹಳೇಬೀಡಿನಿಂದ ಈಚೆಗೆ ಯಾರೋ ಫೋನ್ ಎತ್ತತೊಡಗಿದ್ದಾರೆ ಎಂದರು.

ಇಲ್ಲದ ಮೆಸೇಜನ್ನೂ ಓದುವ ಹೆಂಗಸು ಈಕೆ. ನಾನು ದಂಗಾಗಿ ಕೂತೆ.

ಮತ್ತೆ ಸೆಟ್ಟಿಂಗಿನ ಪಾತಾಳ. ಈ ಸಲ ಕರೆ ತಿರುಗಿಸುವ ಜಾಗ. ಅಲ್ಲಿ ನಾಲ್ಕು ಖಾನೆ ಇದ್ದವು: ಎಲ್ಲ ಕರೆಗಳು, ಲೈನ್ ಬ್ಯುಸಿ ಇದ್ದಾಗ, ಎತ್ತದಿದ್ದಾಗ, ಸಿಗದಿದ್ದಾಗ. ಮೂರು ಖಾಲಿ. ಲೈನ್ ಬ್ಯುಸಿ ಎಂಬುದರ ಎದುರು ಮಾತ್ರ ಒಂದು ನಂಬರು ಕೂತಿತ್ತು. ಚಲುವಮ್ಮನಿಗೆ ಅದು ಗೊತ್ತಿಲ್ಲ, ಸಮ್ಯಕ್‌ಗೂ ಗೊತ್ತಿಲ್ಲ.

ಮೇಡಂ ಬಿಡಿಸಿ ಹೇಳಿದರು. ಗೊತ್ತಿಲ್ಲದ ನಂಬರನ್ನು ಈ ಫೋನು ತಾನೇ ಕತ್ತರಿಸುತ್ತದೆ. ಕತ್ತರಿಸಿದರೆ ಸಿಮ್ ಕಂಪನಿಯ ಲೆಕ್ಕದಲ್ಲಿ ಲೈನ್ ಬ್ಯುಸಿ. ಬ್ಯುಸಿಯಾದ ಕೂಡಲೇ ಕರೆ ಆ ಹೆಂಗಸಿನ ಕೈಗೆ. ನೆಂಟರಿಷ್ಟರ ಕರೆ ಎಂದಿನಂತೆ ಇಲ್ಲಿಗೇ ಬರುತ್ತದೆ, ಹಾಗಾಗಿ ಮನೆಯಲ್ಲಿ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಇದನ್ನು ಮಾಡಿದವರಿಗೆ ಬೇಕಾಗಿದ್ದು ಒಂದೇ ಒಂದು ಕರೆ, ಮರಿಯಣ್ಣ ಮೇಷ್ಟ್ರದು. ಸಮ್ಯಕ್ ಹಾಕಿದ ಚಿಲಕದ ವಿಷಯ ಗೊತ್ತಿದ್ದವರಿಗೆ ಮಾತ್ರ ಇದು ಹೊಳೆಯಲು ಸಾಧ್ಯ.

ಯಾರಿಗೆ ಹೇಳಿದ್ದಿರಿ ಎಂದು ಕೇಳಿದಾಗ ಸಮ್ಯಕ್ ತಡವರಿಸದೆ ಒಬ್ಬಳ ಹೆಸರು ಹೇಳಿದ. ಹೇಮಾಶ್ರೀ. ಮೇಷ್ಟ್ರನ್ನು ನೋಡಿಕೊಳ್ಳಲು ಹಗಲೆಲ್ಲ ಮನೆಯಲ್ಲಿರುತ್ತಿದ್ದ ಅರೇಹಳ್ಳಿ ಕಡೆಯ ಹುಡುಗಿ. ಅವಳಿಗೆ ಬಿಟ್ಟು ತನ್ನ ಹೆಂಡತಿಗೂ ಹೇಳಿರಲಿಲ್ಲವಂತೆ.

ಉಳಿದದ್ದು ಚಲುವಮ್ಮನ ಬಾಯಿಂದ ಬಂತು. ಹಳೇಬೀಡಿನ ಮೆಸೇಜು ಬಂದ ಮಾರನೆಯ ದಿನ ಹುಣ್ಣಿಮೆ. ಹುಣ್ಣಿಮೆ ಸಂಜೆ ಅವರ ಮನೆಯಲ್ಲಿ ಬುದ್ಧ ವಂದನೆ ನಡೆಯುತ್ತದೆ. ವಂದನೆಗೆ ಕೂರುವವರೆಲ್ಲ ಫೋನನ್ನು ಬಾಗಿಲ ಬಳಿಯ ಬಿದಿರಿನ ಮೊರದಲ್ಲಿಟ್ಟು ಒಳಗೆ ಬರಬೇಕು. ಆ ಪದ್ಧತಿ ಹಾಕಿದವರು ಮೇಷ್ಟ್ರೇ. ಅವರಿಲ್ಲದ ದಿನ ಅವರ ಪದ್ಧತಿ ಮುರಿಯಬಾರದು ಎಂದು ಚಲುವಮ್ಮನೂ ಇಟ್ಟರು. ಕೈ ಬಿಟ್ಟು ಹೋಗಿಲ್ಲ ಎಂದಿದ್ದ ಫೋನು ಹೋಗಿದ್ದು ಆ ಅರ್ಧ ಗಂಟೆ ಮಾತ್ರ. ಅದಕ್ಕೆ ಲಾಕೂ ಇರಲಿಲ್ಲ. ಮೇಷ್ಟ್ರಿಗೆ ತೆರೆಯಲು ಬರುವುದಿಲ್ಲ ಎಂದು ತೆಗೆಸಿದ್ದರು. ಮೊರದ ಪಕ್ಕ ಕೂತಿದ್ದವಳು ಹೇಮಾಶ್ರೀ. ಮರುದಿನವೇ ಅಕ್ಕನ ಬಾಣಂತನ ಎಂದು ಊರಿಗೆ ಹೋದವಳು ತಿರುಗಿ ಬಂದಿಲ್ಲ.

ನಾನು ಎದ್ದು ನಿಂತೆ. ಇನ್ನೇನು ಉಳಿಯಿತು, ಬೇಲೂರು ದಾಟಿ ಅರೇಹಳ್ಳಿಗೆ ಹೋಗಿ ಹಿಡಿಯೋಣ ಎಂದೆ.

ಮೇಡಂ ಕೂರಿಸಿದರು. ಖಾನೆಯಲ್ಲಿದ್ದ ನಂಬರು ಹೇಮಾಶ್ರೀಯದಲ್ಲ, ಅವಳದು ಚಲುವಮ್ಮನ ಫೋನಿನಲ್ಲೇ ಸೇವ್ ಆಗಿದೆ. ಮೊದಲು ದನಿ ಕೇಳಬೇಕು ಎಂದರು. ಅದಕ್ಕೆ ಯೋಗ್ಯರು ಬೋರಯ್ಯ ಒಬ್ಬರೇ. ಅವನ ನಂಬರು ಆ ಹೆಂಗಸಿಗೆ ಗೊತ್ತು, ಅನುಮಾನ ಬರುವುದಿಲ್ಲ. ಮೇಷ್ಟ್ರು ಮನೆ ಸೇರಿದರಾ ಎಂದು ಕೇಳಿದರೆ ಸಾಕು.

ಬೋರಯ್ಯ ಪಂಚೆ ಕಟ್ಟು ಬಿಗಿ ಮಾಡಿಕೊಂಡು ಚಲುವಮ್ಮನ ನಂಬರು ಒತ್ತಿದ. ಸ್ಪೀಕರ್ ಹಾಕಿದ. ಚಲುವಮ್ಮನ ಫೋನು ನಮ್ಮೆಲ್ಲರ ನಡುವೆ ಟೇಬಲ್ಲಿನ ಮೇಲಿತ್ತು, ಅದು ಉಸಿರೂ ಎತ್ತಲಿಲ್ಲ. ಬೇರೆಲ್ಲೋ ಗಂಟೆ ಬಾರಿಸುತ್ತಿರುವುದು ಬೋರಯ್ಯನ ಫೋನಿನಲ್ಲಿ ಕೇಳುತ್ತಿತ್ತು. ಎತ್ತಿದರು.

"ಹೇಳಣ್ಣ. ಚಲುವಮ್ಮ ಮಾತಾಡ್ತಿರೋದು."

ನಿಜವಾದ ಚಲುವಮ್ಮ ನನ್ನ ಮೊಣಕೈಗೆ ತಾಗಿಕೊಂಡೇ ನಿಂತಿದ್ದರು. ಹುಡುಗಿಯ ದನಿಯಲ್ಲ ಅದು, ಮಾಗಿದ ಹೆಂಗಸಿನದು, ಅವಸರವಿಲ್ಲದ್ದು. ಹೇಳಿಬಿಡುತ್ತೇನೆ, ಕೆಟ್ಟ ದನಿಯೂ ಅಲ್ಲ. ಚಲುವಮ್ಮ ನನ್ನ ಕಿವಿಯ ಹತ್ತಿರ, ಹೇಮಾ ಅಲ್ಲ, ಯಾರೋ ನನ್ನ ವಯಸ್ಸಿನವಳು ಎಂದು ಉಸುರಿದರು.

ಬೋರಯ್ಯ ತಡಬಡಾಯಿಸಲಿಲ್ಲ. ಆ ಹಿರೀಕರು ಮನೆ ಮುಟ್ಟಿದರಾ, ಮನಸ್ಸಿಗೆ ಸಮಾಧಾನ ಇರಲಿಲ್ಲ, ಅದಕ್ಕೆ ಮಾಡಿದೆ ಎಂದ. ಸೇರಿದರು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು ಆಕೆ. ಮೇಡಂ ಕೈಸನ್ನೆ ಮಾಡಿದರು. ಬೋರಯ್ಯ ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋದ.

"ಒಂದ್ ಮಾತು ಅವರ್ ಕೈಗ್ ಕೊಡಮ್ಮ. ದನಿ ಕೇಳಿದ್ರೆ ಸಾಕು ನಂಗೆ."

ದೂರದಲ್ಲಿ ಯಾವುದೋ ಯಂತ್ರ ಒಂದೇ ಸಮನೆ ತಿರುಗುವ ಸದ್ದು. ಇಟ್ಟುಬಿಡುತ್ತಾಳೆ ಎಂದುಕೊಂಡೆ. ಆಮೇಲೆ ಫೋನು ಕೈಯಿಂದ ಕೈಗೆ ಹೋದ ಸರಬರ.

"ಯಾರಪ್ಪಾ ಅದು?"

ತೊಳೆದ ಹಾಗೆ ಶುಭ್ರವಾದ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ. ಸಮ್ಯಕ್ ಎದ್ದು ನಿಂತ. ಮರಿಯಣ್ಣ ಮೇಷ್ಟ್ರು ಬದುಕಿದ್ದರು.

ಚಲುವಮ್ಮ ಬೋರಯ್ಯನ ಕೈಯಿಂದ ಫೋನು ತೆಗೆದುಕೊಂಡರು. ತಡೆಯಲು ಮೇಡಂ ಕೈ ಚಾಚಿದ್ದು ನಿಜ, ಆದರೆ ಆ ಮುಖ ನೋಡಿ ಕೈ ಅರ್ಧಕ್ಕೇ ನಿಂತಿತು.

"ರೀ... ನಾನ್ರೀ. ಚಲುವ."

ಆ ಕಡೆ ಮೇಷ್ಟ್ರು ನಕ್ಕರು. ಪರಿಚಯವಿಲ್ಲದ ಹೆಂಗಸಿನ ಜೊತೆ ಮಾತಾಡುವಾಗ ಮರ್ಯಾದಸ್ಥ ಗಂಡಸರು ನಗುವ ಹಾಗೆ, ಮೆಲ್ಲಗೆ.

"ಚಲುವ ಇಲ್ಲೇ ಇದಾಳಲ್ಲ, ನನ್ನ ಪಕ್ಕದಲ್ಲೇ ಕೂತಿದಾಳೆ. ತಾವು ಯಾರು, ತಾಯಿ?"